ಕಿಡಿಯಕ್ಕನ ಕಿಟಕಿ

ಬೆಳಗಿನ ಐದೂಕಾಲು. ಗುಜರಿ ಅಂಗಳದ ಹಿಂದಿನ ಶೆಡ್ಡಿನಲ್ಲಿ ಯಾರೂ ದೀಪ ಹಾಕುವಂತಿಲ್ಲ. ಕತ್ತಲಲ್ಲೇ ಸಾಣೆಚಕ್ರ ಗಿರ್ರನೆ ತಿರುಗುತ್ತಿದೆ. ದಪ್ಪ ಕನ್ನಡಕದ ಹೆಂಗಸೊಬ್ಬರು ಲೋಹದ ಚೂರೊಂದನ್ನು ಅದಕ್ಕೆ ತಾಗಿಸುತ್ತಾರೆ. ಹಳದಿ ಕಿಡಿ ಕವಲೊಡೆದು ಹಾರಿದರೆ ಉಕ್ಕು, ಕಣ್ಣು ಕುಕ್ಕುವ ಬಿಳಿಯಾದರೆ ಟೈಟಾನಿಯಂ. ಬರಲೋ ಬೇಡವೋ ಎಂಬಂತೆ ಮೋಟು ಕಿಡಿ ಮಂಕುಗೆಂಪಾಗಿ ಉದುರಿದಾಗ ಮಾತ್ರ ಅವರ ಮುಖ ಅರಳುತ್ತದೆ. ಅದು ಟಂಗ್‌ಸ್ಟನ್, ಅಲಗಿಗೆ ಗಡಸುತನ ಕೊಡುವ ಭಾರದ, ಅಪರೂಪದ ಲೋಹ.

ಅಂಗಳದವರಿಗೆಲ್ಲ ಇವರು ಕಿಡಿಯಕ್ಕ. ಇಪ್ಪತ್ತೆರಡು ವರ್ಷದಿಂದ ಇದೇ ಮೇಜು. ಯಂತ್ರಗಳ ಸವೆದ ಅಲಗು, ಮುರಿದ ಕೊರೆಮೊನೆ ಎಲ್ಲ ಸೇರಿ ದಿನಕ್ಕೆ ಎರಡು ಸಾವಿರ ಚೂರು ಕೈ ದಾಟುತ್ತವೆ.

"ಬಿಸಿಲಲ್ಲಿ ಕಿಡಿ ಬಣ್ಣ ತಿಳಿಯಲ್ಲ. ಆ ಕಿಟಕಿಯಿಂದ ಬೆಳಕು ಬಿತ್ತೋ, ಸಾಣೆ ಕೆಲಸ ಅಲ್ಲಿಗೆ ಮುಗೀತು. ಆಮೇಲೆ ಡಬ್ಬಿ ತುಂಬೋದು, ಅಷ್ಟೆ" ಎನ್ನುತ್ತಾರೆ.

ಹೀಗಾಗಿ ವಾರದ ಏಳೂ ದಿನ ನಾಲ್ಕಕ್ಕೇ ಮನೆ ಬಿಡಬೇಕು. ಗಂಡ ಲಾರಿ ಚಾಲಕರು, ತಿಂಗಳಲ್ಲಿ ಮುಕ್ಕಾಲು ಪಾಲು ರಸ್ತೆಯಲ್ಲೇ. ಮಗಳನ್ನು ಎಬ್ಬಿಸಿ, ಜಡೆ ಹಾಕಿ ಶಾಲೆಗೆ ಕಳಿಸಿದ್ದೆಲ್ಲ ಅತ್ತೆ.

ಈ ವರ್ಷ ಕಿಡಿಯಕ್ಕನ ಮೇಜಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಟಂಗ್‌ಸ್ಟನ್ ಹೆಚ್ಚು ತೆಗೆಯುವ ದೇಶ ರಫ್ತಿಗೆ ಕಡಿವಾಣ ಹಾಕಿದ್ದೇ ತಡ, ಉಳಿದ ದೇಶಗಳ ಕಾರ್ಖಾನೆಗಳು ಗುಜರಿಗೆ ಮುಗಿಬಿದ್ದವು. ಹಿಂದೆ ಮೂಗು ಮುರಿಯುತ್ತಿದ್ದವರೇ ಈಗ ಅಂಗಳದ ಯಜಮಾನರ ಬಾಗಿಲಲ್ಲಿ ಸಾಲು ನಿಂತಿದ್ದಾರೆ. ಅವರಲ್ಲೊಂದು ಕಂಪನಿ ಮಾತ್ರ ಪಟ್ಟು ಹಿಡಿಯಿತು: ಕೈಯಲ್ಲಿ ಆರಿಸಿದ್ದು ಬೇಡ, ಯಂತ್ರ ಪರೀಕ್ಷಿಸಿದ ಮಾಲು ಮಾತ್ರ ಬೇಕು.

ಕಿಡಿಯಕ್ಕನನ್ನು ಕಸ ಗುಡಿಸಲು ಹಾಕುವ ಮಾತು ನಡೆದಿತ್ತು. "ಸುಳ್ಳು ಯಾಕೆ ಹೇಳಲಿ, ಮೂರು ದಿನ ಪೊರಕೆ ಕಡೆ ತಿರುಗಿಯೂ ನೋಡ್ಲಿಲ್ಲ" ಎಂದು ಈಗ ನಗುತ್ತಾರೆ.

ಒಂದು ದಿನ ಬೆಳಕು ಹರಿಯುವ ಮೊದಲೇ ಕಂಪನಿಯ ಎಂಜಿನಿಯರ್ ಲೋಹ ಗುರುತಿಸುವ ಪಿಸ್ತೂಲಿನಂಥ ಯಂತ್ರ ಹಿಡಿದು ಬಂದರು. ಚಿನ್ನದ ಬಣ್ಣದ ಅಲಗುಗಳ ಡಬ್ಬಿಗೆ ಗುರಿಯಿಟ್ಟರು. ಯಂತ್ರ "ಟೈಟಾನಿಯಂ" ಎಂದಿತು. ಮೂವತ್ತು ಕಿಲೋ ಮಾಲು ಟೈಟಾನಿಯಂ ರಾಶಿಗೆ ಹೊರಟಿತು.

ಕಿಡಿಯಕ್ಕ ಒಂದನ್ನು ಅಂಗೈಯಲ್ಲಿ ತೂಗಿ ನೋಡಿದರು. "ಸಾರ್, ಇಷ್ಟು ಭಾರದ ಟೈಟಾನಿಯಂ ನಾನಂತೂ ಕಂಡಿಲ್ಲ. ಒಂಚೂರು ಉಜ್ಜಲಾ?"

ಸಾಣೆಗೆ ತಾಗಿಸಿದರು. ಮೋಟು ಕಿಡಿ, ಮಂಕುಗೆಂಪು. ಉಜ್ಜಿದ ಜಾಗಕ್ಕೆ ಎಂಜಿನಿಯರ್ ಮತ್ತೆ ಯಂತ್ರ ಹಿಡಿದರು. ಟಂಗ್‌ಸ್ಟನ್! ಮೊದಲು ಯಂತ್ರ ಓದಿದ್ದು ಮೇಲಿನ ತೆಳು ಟೈಟಾನಿಯಂ ಲೇಪವನ್ನು ಮಾತ್ರ.

ಎಂಜಿನಿಯರ್ ದೊಡ್ಡ ಮನುಷ್ಯ, ಬಿಗುಮಾನ ತೋರಲಿಲ್ಲ. "ಇನ್ಮೇಲೆ ಮೊದಲು ಅಕ್ಕನ ಸಾಣೆ, ಆಮೇಲೆ ನಮ್ಮ ಯಂತ್ರ" ಎಂದು ಒಪ್ಪಂದದಲ್ಲೇ ಬರೆಸಿದರು.

ಖುಷಿಯಲ್ಲಿ ಯಜಮಾನರು ಕೇಳಿದರಂತೆ, "ಏನು ಬೇಕಮ್ಮ, ಕೇಳು." ಅಕ್ಕ ಕೇಳಿದ್ದು ಕಿಟಕಿಗೊಂದು ತಗಡಿನ ಬಾಗಿಲು. ಹಿಂದೊಮ್ಮೆ ಕಟ್ಟಿದ್ದ ಗೋಣಿತಾಟು ಕಿಡಿ ಬಿದ್ದು ಸುಟ್ಟುಹೋಗಿತ್ತು. ಮತ್ತೆ ಕೇಳಲು ಸಂಕೋಚವಾಗಿತ್ತಂತೆ. ತಗಡು ನಾಳೆ ಬರಲಿದೆ.

"ಶೆಡ್ಡು ಹಗಲೂ ಕತ್ತಲಿದ್ರೆ ಎಂಟಕ್ಕೆ ಬಂದರೂ ಆಯ್ತು" ಎಂದು ಕನ್ನಡಕ ಒರೆಸಿಕೊಳ್ಳುತ್ತಾರೆ. "ಮಗಳು ಕಾಲೇಜು ಮುಗಿಸ್ತಾ ಬಂದ್ಲು. ನಿದ್ದೆಯಿಂದ ಎದ್ದಾಗ ಅವಳ ಮುಖ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲ ನೋಡಿ. ನಾಡಿದ್ದು ನಾನೇ ಎಬ್ಬಿಸ್ತೀನಿ."