ಬನ್ನಿನ ಕೂಗಿಗೆ ಎದ್ದ ಊರು

ಪೋಂ ಪೋಂ! ಸೈಕಲ್ಲಿನ ರಬ್ಬರ್ ಹಾರ್ನ್ ಎರಡು ಸಲ ಕೂಗುತ್ತದೆ. ಬೆನ್ನಿಗೇ ಅದಕ್ಕಿಂತ ದೊಡ್ಡ ಗಂಟಲು: ‘ಪಾಂಡೆಸಾಲ್! ಬಿಸಿಬಿಸೀ ಪಾಂಡೆಸಾಲ್!’ ಸಮಾರ್ ದ್ವೀಪದ ತೆಂಕಣ ದಂಡೆಯ ನಮ್ಮ ಕಾನ್‌ಸುಲಾಯ್‌ನಲ್ಲಿ ಹುಂಜಗಳು ಕೂಗುವುದು ಆಮೇಲೆ. ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಕೆದರಿದ ತಲೆ, ಅರ್ಧ ಮುಚ್ಚಿದ ಕಣ್ಣು, ಮುಂದೆ ಚಾಚಿದ ತಟ್ಟೆ. ಕ್ರಿಸಾಂತಾ ಅಬೆನಿಸ್ ಬುಟ್ಟಿಯ ಬಟ್ಟೆ ಸರಿಸುತ್ತಾರೆ; ಪುಟ್ಟ ಬನ್ನುಗಳ ಹಬೆ ಮುಖಕ್ಕೆ ಬಡಿಯುತ್ತದೆ.

‘ಎಣಿಸ್ಕೋಬೇಡ್ವೇ, ಒಂದು ಜಾಸ್ತೀನೇ ಹಾಕಿದೀನಿ’ ಎಂದು ಒಬ್ಬಳಿಗೆ ಗದರುತ್ತಾರೆ. ಇನ್ನೊಬ್ಬನಿಗೆ, ‘ನಿನ್ನೆ ಕುಡಿದಿದ್ದು ಇನ್ನೂ ಇಳಿದಿಲ್ವೇನೋ? ತಗೋ, ಕಾಫೀಲಿ ಅದ್ಕೊಂಡು ತಿನ್ನು.’

ಊರಿಗೆಲ್ಲ ಅವರು ‘ಮಾನಾ’, ಅಂದರೆ ಅಕ್ಕ. ವಯಸ್ಸು ಐವತ್ತು ದಾಟಿದೆ. ಎರಡೂ ಮುಂಗೈಗಳ ತುಂಬ ಒಲೆ ಸುಟ್ಟ ಗೆರೆಗಳು. ಗಂಡ ಬೋನಿಂಗ್ ಮೀನುಗಾರರಾಗಿದ್ದವರು. ದೋಣಿಯ ಎಂಜಿನ್ ಬಿದ್ದು ಕಾಲು ಊನವಾದ ಮೇಲೆ ಸಮುದ್ರ ಬಿಟ್ಟು, ಅಡುಗೆಮನೆಯ ಹಿಂದೆ ಇಟ್ಟಿಗೆಯ ಒಲೆ ಕಟ್ಟಿದರು. ಅವರು ಹಿಟ್ಟು ನಾದುತ್ತಾರೆ, ತೆಂಗಿನ ಸಿಪ್ಪೆ ಉರಿಸುತ್ತಾರೆ. ಮಾನಾ ಬೇಯಿಸುತ್ತಾರೆ, ಸೈಕಲ್ ತುಳಿಯುತ್ತಾರೆ. ದಿನಕ್ಕೆ ನಾನೂರು ಬನ್ನು, ಭಾನುವಾರ ಇನ್ನಷ್ಟು. ಮಗಳ ನರ್ಸಿಂಗ್ ಓದು ಮುಗಿದದ್ದು ಈ ಒಲೆಯಿಂದಲೇ.

ಆದರೆ ಈ ಊರಿನ ಜನ ಇವತ್ತೂ ಅವರ ಹೆಸರು ಹೇಳುವಾಗ ದನಿ ಎತ್ತರಿಸುವುದು ಬನ್ನಿಗಾಗಿ ಅಲ್ಲ. ಇಸಿಡ್ರಾ ಬಂದ ದಿನಕ್ಕಾಗಿ.

ಮೂಡಣದಲ್ಲಿ, ನೆಲವೇ ಇಲ್ಲದಷ್ಟು ದೂರದ ಕಡಲಿನಲ್ಲಿ ಮೋಡಗಳ ಒಂದು ಗುಂಪು ಸುತ್ತತೊಡಗಿದೆ ಎಂದು ರೇಡಿಯೋ ಮೊದಲು ಹೇಳಿತ್ತು. ಮಾರನೆಯ ದಿನ ಅದಕ್ಕೆ ಇಸಿಡ್ರಾ ಎಂಬ ಹೆಸರು ಬಂತು. ಬಿಸಿ ನೀರನ್ನು ಕುಡಿಯುತ್ತ ಕುಡಿಯುತ್ತ ಉಬ್ಬಿದ ಆ ಚಂಡಮಾರುತಕ್ಕೆ ಆಮೇಲೆ ಕಣ್ಣೂ ಮೂಡಿತು. ಇಲ್ಲಿ ನೋಡಿದರೆ ಆಕಾಶ ತೊಳೆದಿಟ್ಟಂತೆ ಶುಭ್ರ, ಕೊಲ್ಲಿ ನಿಶ್ಚಲ. ಸಂಜೆ ಪುರಸಭೆಯ ಲಾರಿ ಮೈಕಿನಲ್ಲಿ ‘ಸ್ಟಾರ್ಮ್ ಸರ್ಜ್, ಸ್ಟಾರ್ಮ್ ಸರ್ಜ್’ ಎಂದು ಕೂಗಿಕೊಂಡು ಹೋಯಿತು. ನಾವು ತಲೆಯಾಡಿಸಿ, ತಗಡಿನ ಮಾಡಿಗೆ ಹಗ್ಗ ಬಿಗಿದು, ಮಲಗಿದೆವು. ಹಿಂದಿನ ಎರಡು ಸಲವೂ ಗುಡ್ಡಕ್ಕೆ ಓಡಿಹೋಗಿ, ಏನೂ ಆಗದೆ ವಾಪಸು ಬಂದಿದ್ದೆವಲ್ಲ!

ಬೆಳಗಿನ ಜಾವಕ್ಕೆ ಉತ್ತರದ ಗಾಳಿ ಎದ್ದಿತು. ಊರಿನ ಮುಖ್ಯಸ್ಥ ಕಪಿತಾನ್ ನೊಯೆಲ್ ನೆನೆದು ತೊಪ್ಪೆಯಾಗಿ ಮಾನಾರ ಒಲೆಯ ಮುಂದೆ ಬಂದು ನಿಂತರು.

‘ಮಾನಾ, ಗುಡ್ಡದ ಶಾಲೇಲಿ ಬರೀ ಮುದುಕೀರು, ಎಳೆಮಕ್ಕಳು ಇದಾರೆ. ಮಿಕ್ಕೋರ ಬಾಗಿಲು ಬಡಿದು ಬಡಿದು ಕೈ ನೋವು ಬಂತು. ಯಾರೂ ತೆಗೀತಿಲ್ಲ.’

‘ಅದೇನದು ಸರ್ಜು? ಮೊದಲು ನನಗೆ ಅರ್ಥ ಆಗೋ ಹಾಗೆ ಹೇಳಿ.’

‘ಸಮುದ್ರ ಎದ್ದು ಊರೊಳಗೆ ಬರುತ್ತಂತೆ ಮಾನಾ. ತೆಂಗಿನಮರದ ಅರ್ಧದವರೆಗೆ.’

‘ಅಯ್ಯೋ ದೇವರೇ, ಹಾಗಂತ ಹೇಳಬಾರದಿತ್ತಾ!’ ಎಂದವರೇ ಮಾನಾ ಎದ್ದರು. ಬೆಂದ ಬನ್ನನ್ನೆಲ್ಲ ಕಪಿತಾನರ ಜೀಪಿಗೆ ತುಂಬಿ, ಗಂಡನನ್ನೂ ಹತ್ತಿಸಿ, ಶಾಲೆಗೆ ಕಳಿಸಿದರು. ಖಾಲಿ ಬುಟ್ಟಿ ಕಟ್ಟಿಕೊಂಡು ಸೈಕಲ್ ಏರಿದರು.

ಪೋಂ ಪೋಂ! ಪಾಂಡೆಸಾಲ್!

ಅಭ್ಯಾಸಬಲ ನೋಡಿ, ಬಾಗಿಲುಗಳು ತೆರೆದವು. ನನ್ನದೂ ತೆರೆಯಿತು, ತಟ್ಟೆ ಹಿಡಿದೇ ಹೊರಗೆ ಬಂದಿದ್ದೆ. ಗಾಳಿಗೆ ಸೈಕಲ್ ಓಲಾಡುತ್ತಿತ್ತು, ಮಾನಾರ ಕೂದಲು ಬಿಚ್ಚಿ ಮುಖಕ್ಕೆ ಅಂಟಿತ್ತು. ‘ಬನ್ನು ಇಲ್ಲಿಲ್ಲ! ಶಾಲೇಲಿದೆ! ಮಕ್ಕಳನ್ನ ಎತ್ಕೊಂಡು ಈಗಲೇ ಹತ್ತಿ. ಸಮುದ್ರ ಊರೊಳಗೆ ಬರ್ತಿದೆ!’

ಊರೆಲ್ಲ ‘ಲೋಲೋ’, ಅಂದರೆ ಅಜ್ಜ, ಎನ್ನುವ ಮುದುಕ ತಿನೊಂಗ್ ಕಾಳಗದ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಜಗಳಕ್ಕೇ ಬಂದರು. ‘ಬನ್ನು ಅಂತ ಕೂಗಿ ಬನ್ನಿಲ್ಲ ಅಂತೀಯಲ್ಲೇ, ನಾಚಿಕೆ ಇಲ್ವಾ ನಿನಗೆ?’

‘ಇಲ್ಲ ಲೋಲೋ! ಗುಡ್ಡ ಹತ್ತಿ, ಅಲ್ಲಿ ಕೂತ್ಕೊಂಡು ಎಷ್ಟು ಬೇಕಾದರೂ ಬೈಯಿರಿ!’

ಲೋಲೋ ಬೈಯುತ್ತಲೇ ಹತ್ತಿದರು. ಅವರ ಹಿಂದೆ ಇಡೀ ಬೀದಿ. ಮಾನಾ ಎರಡನೆಯ ಬೀದಿಗೆ, ಮೂರನೆಯದಕ್ಕೆ ತುಳಿದರು. ಕೊನೆಗೆ ಸೈಕಲ್ ನಿಲ್ಲದಾಯಿತು, ಎಸೆದು ಓಡಿದರು.

ದಂಡೆಯ ಕಟ್ಟಕಡೆಯ ಮನೆ ಮರ್ಲಿತಾಳದು. ಒಣಮೀನು ಮಾರುವ ಮರ್ಲಿತಾ ಮಾನಾರ ಬಾಲ್ಯದ ಗೆಳತಿ. ಆ ಹೊತ್ತಿಗೆ ಉತ್ತರದ ಗಾಳಿ ಕೊಲ್ಲಿಯ ನೀರನ್ನೆಲ್ಲ ಆಚೆ ನೂಕಿ, ಕೆಸರು ತೋರುತ್ತಿತ್ತು. ‘ಅವಳು ಕಿಟಕೀಲಿ ನಿಂತು ನಕ್ಕಳು’ ಎನ್ನುತ್ತಾರೆ ಮಾನಾ. ‘“ನೋಡೇ ಕ್ರಿಸಾಂತಾ, ಸಮುದ್ರಾನೇ ಹೆದರಿ ಓಡೋಗಿದೆ. ಮೀನು ಬಿಟ್ಟು ನಾನೆಲ್ಲಿಗೆ ಬರಲಿ” ಅಂದಳು. ಕೈ ಹಿಡಿದು ಎಳೆದೆ. ಬಿಡಿಸ್ಕೊಂಡಳು. ಇನ್ನೂ ಗಟ್ಟಿಯಾಗಿ ಹಿಡೀಬೇಕಿತ್ತು.’

ಮಾನಾ ಶಾಲೆಯ ಮೆಟ್ಟಿಲು ತಲುಪುವಾಗ ಗಾಳಿ ದಿಕ್ಕು ತಿರುಗಿಸಿತು. ಓಡಿಹೋಗಿದ್ದ ಸಮುದ್ರ ಕಪ್ಪು ಗೋಡೆಯಾಗಿ ಎದ್ದು ಬಂತು. ದೋಣಿಗಳು ಮಾಡುಗಳ ಮೇಲೆ ಹಾದವು, ತಗಡುಗಳು ಕಾಗದದಂತೆ ಹಾರಿದವು, ತೆಂಗುಗಳು ಪಟಪಟ ಮುರಿದವು. ಮೂರು ಬೀದಿಗಳೂ ನಮ್ಮ ಕಣ್ಣೆದುರೇ ಇಲ್ಲವಾದವು. ನೀರು ಶಾಲೆಯ ಕೆಳಮೆಟ್ಟಿಲನ್ನು ನೆಕ್ಕಿ ನಿಂತಿತು. ಒಳಗೆ ನಾವು ಒಬ್ಬರನ್ನೊಬ್ಬರು ಬಿಗಿದುಕೊಂಡು ಕೂತಿದ್ದೆವು; ಮಾನಾ ಮಾತ್ರ ಬನ್ನು ಹಂಚುತ್ತ, ಪ್ರತಿ ಮುಖವನ್ನೂ ತಡಕುತ್ತ ಓಡಾಡುತ್ತಿದ್ದರು.

ಆಚೀಚೆಯ ಕೊಲ್ಲಿಗಳಲ್ಲಿ ನೂರಾರು ಜನ ಹೋದರು. ಕಾನ್‌ಸುಲಾಯ್ ಕಳೆದುಕೊಂಡದ್ದು ಇಬ್ಬರನ್ನು, ಮರ್ಲಿತಾ ಮತ್ತು ಆಕೆಯ ಗಂಡ. ಸಮಾಧಿಯ ಮುಂದೆ ಮಾನಾ ಪ್ರತಿ ವರ್ಷವೂ ಒಂದು ತಟ್ಟೆ ಬನ್ನು ಇಡುತ್ತಾರೆ.

ನೀರಿಳಿದ ಮೇಲೆ ಬೋನಿಂಗ್ ಕೆಸರಿನಿಂದ ಇಟ್ಟಿಗೆ ಹೆಕ್ಕಿ ಮತ್ತೆ ಒಲೆ ಕಟ್ಟಿದರು. ಪರಿಹಾರದ ಹಿಟ್ಟಿನಲ್ಲಿ ಮೊದಲ ಬನ್ನು ಬೆಂದ ದಿನ ಊರೇ ಸುತ್ತ ನೆರೆದು ಚಪ್ಪಾಳೆ ತಟ್ಟಿತ್ತು. ಈಗ ಅರ್ಧ ಊರು ಗುಡ್ಡದ ಹೊಸ ಮನೆಗಳಲ್ಲಿದೆ. ‘ನನಗೇನು ಆಸೆ ಗೊತ್ತಾ? ಗೇರ್ ಇರೋ ಸೈಕಲ್ಲು’ ಎಂದು ಮಾನಾ ಮಂಡಿ ಉಜ್ಜಿಕೊಳ್ಳುತ್ತಾರೆ. ‘ಜನಾನ ಮೇಲಕ್ಕೆ ಕಳಿಸಿದ್ದು ನಾನೇ, ಈಗ ಆ ಏರು ಹತ್ತಿ ಸಾಯೋಳೂ ನಾನೇ!’

ಹೋದ ನವೆಂಬರಿನಲ್ಲಿ ಇನ್ನೊಂದು ಚಂಡಮಾರುತ ಇತ್ತ ತಿರುಗಿತು. ಮಾನಾ ಎಂದಿನಂತೆ ದಂಡೆಯ ಬೀದಿಗಳಿಗೆ ಹೊರಟರು. ಕೂಗಿದರು, ಮತ್ತೆ ಕೂಗಿದರು. ಒಂದು ಬಾಗಿಲೂ ತೆರೆಯಲಿಲ್ಲ. ಎಲ್ಲವಕ್ಕೂ ಹೊರಗಿನಿಂದ ಹಗ್ಗ ಬಿಗಿದಿತ್ತು. ಒಂದೇ ಉಸಿರಿಗೆ ಶಾಲೆಗೆ ತುಳಿದರೆ, ಇಡೀ ಕಾನ್‌ಸುಲಾಯ್ ಜಗುಲಿಯ ಮೇಲೆ ಚಾಪೆ ಹಾಸಿ ಕೂತಿದೆ!

‘ಎಲ್ಲಿ ಹಾಳಾಗಿ ಹೋಗಿದ್ಯೇ? ನಾವು ಬಂದು ಎಷ್ಟು ಹೊತ್ತಾಯ್ತು!’ ಎಂದು ಲೋಲೋ ತಿನೊಂಗ್ ರೇಗಿದರು.

ಅದನ್ನು ಹೇಳುವಾಗ ಮಾನಾರ ಮುಖ ಅರಳುತ್ತದೆ. ‘ಕಪಿತಾನ್ ನನ್ನನ್ನ ಒಳಗೆ ಕರ್ಕೊಂಡು ಬಾಗಿಲು ಹಾಕಿದ್ರು. ಅವತ್ತು ಊರಿಗೆಲ್ಲ ಕಡೇಗೆ ಬಂದೋಳು ನಾನೇ ನೋಡಿ.’