ತಡವಾದದ್ದಕ್ಕೆ ಕಾರಣ

ನ್ಯಾಮತಿಯ ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ರಜೆ ಚೀಟಿಯೂ ಇಂಗ್ಲಿಷಿನಲ್ಲೇ ಇರಬೇಕು. ಆರು ವರ್ಷ ಇಡೀ ಸ್ಟಾಫ್ ರೂಮಿನ ಚೀಟಿಗಳನ್ನು ಬರೆದುಕೊಟ್ಟವಳು ನಾನು. ಗಣಿತದ ಮೇಷ್ಟ್ರ ಜ್ವರಕ್ಕೂ ಡ್ರಿಲ್ ಮೇಷ್ಟ್ರ ನಾದಿನಿಯ ಮದುವೆಗೂ ನನ್ನದು ಒಂದೇ ಬಿಕಾಸ್. ಅದರ ಪುಣ್ಯದಿಂದ ಯಾರ ಡಬ್ಬಿಯಲ್ಲಿ ಹೋಳಿಗೆಯಿದ್ದರೂ ಮೊದಲು ನನ್ನ ಕಡೆಗೇ ಬರುತ್ತಿತ್ತು.

ಆಮೇಲೆ ಜಗಳೂರು ಕಡೆಯ ಸೊಕ್ಕೆಯಿಂದ ಅವಳು ಬಂದಳು. ಹೊಸ ಇಂಗ್ಲಿಷ್ ಮೇಡಂ, ನನಗಿಂತ ಹತ್ತು ವರ್ಷ ಚಿಕ್ಕವಳು, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅವಳ ಚೀಟಿಗಳಲ್ಲಿ ಡ್ಯೂ ಟು, ಸಿನ್ಸ್, ಹೆನ್ಸ್ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿರುತ್ತಿದ್ದವು. ಹೆಡ್ ಮೇಡಂ ಒಂದನ್ನು ಓದಿದವರೇ, "ಇನ್ಮ್ಯಾಲೆ ಎಲ್ರೂ ಇವರ ಹತ್ರಾನೇ ಬರೆಸ್ರಿ" ಎಂದುಬಿಟ್ಟರು. ಹೋಳಿಗೆಯೂ ದಿಕ್ಕು ಬದಲಿಸಿತು. ನನಗೆ ಹೊಟ್ಟೆ ಉರಿಯಿತು. ಅವಳು ಪ್ರೀತಿಯಿಂದ "ಅಕ್ಕಾ" ಎಂದರೂ ಉರಿಯುತ್ತಿತ್ತು.

ಇಬ್ಬರೂ ಹೊನ್ನಾಳಿಯಿಂದ ಒಂದೇ ಬಸ್ಸಿಗೆ ಹೋಗುವವರು. ದಿನಾ ಓಡಾಡುವವರಲ್ಲಿ ಒಂದು ರೂಢಿಯಿದೆ. ಯಾರಾದರೂ ತಡವಾದರೆ, ಹತ್ತಿ ಕೂತವರು ಕಂಡಕ್ಟರಿಗೆ ಹೇಳಿ ಬಸ್ಸು ನಿಲ್ಲಿಸಿಕೊಳ್ಳಬೇಕು. ಆಡಳಿತ ಮಂಡಳಿಯವರು ಶಾಲೆ ನೋಡಲು ಬರುವ ದಿನವೇ ಅವಳು ಬಂದಿರಲಿಲ್ಲ.

"ಇನ್ನೊಬ್ರು ಮೇಡಂ ಬರಾಕಿಲ್ವೇನ್ರಿ?" ಎಂದು ಕಂಡಕ್ಟರ್ ಕೇಳಿದ.

ಕಿಟಕಿಯಿಂದ ನೋಡಿದೆ. ಬ್ಯಾಗನ್ನು ಎದೆಗವಚಿಕೊಂಡು ಅವಳು ತಿರುವಿನಿಂದ ಓಡಿ ಬರುತ್ತಿದ್ದಳು.

"ಇವತ್ತು ರಜಾ ಹಾಕ್ಯಾರೆ, ಹೋಗ್ರಿ" ಎಂದೆ.

ಮುಂದಿನ ಬಸ್ಸು ಹಿಡಿದು ಅವಳು ಬರುವಷ್ಟರಲ್ಲಿ ಮಂಡಳಿಯವರು ಅವಳ ಗದ್ದಲದ ಕ್ಲಾಸನ್ನು ನೋಡಿ ಮುಖ ಸಿಂಡರಿಸಿಕೊಂಡು ಹೋಗಿಯಾಗಿತ್ತು. ತಡವಾದದ್ದಕ್ಕೆ ಕಾರಣ ಬರೆದುಕೊಡಬೇಕು, ಅದು ಒಪ್ಪಿಗೆಯಾಗದಿದ್ದರೆ ನೌಕರಿ ಇಲ್ಲ ಎಂದರು ಹೆಡ್ ಮೇಡಂ. ಮಧ್ಯಾಹ್ನ ಅವಳು ಕಾಗದ ತಂದು ನನ್ನ ಮುಂದಿಟ್ಟಳು.

"ತಪ್ಪೇನಾದ್ರೂ ಐತಾ ನೋಡ್ರಿ ಅಕ್ಕಾ."

ಏಳುವುದು ತಡವಾಗಿ ಬಸ್ಸು ತಪ್ಪಿತು, ತಪ್ಪು ಪೂರ್ತಿ ತನ್ನದೇ ಎಂದು ಬರೆದಿದ್ದಳು. ಒಂದು ಅಕ್ಷರವೂ ಆಚೀಚೆ ಆಗಿರಲಿಲ್ಲ. "ಇಷ್ಟೇನಾ?" ಎಂದೆ.

"ಕಿಟಕೀಲಿ ನಿಮ್ಮನ್ನ ನೋಡ್ದೆ ಅಕ್ಕಾ. ನೀವೇ ಕಾರಣ ಅಂತ ಬರೆದ್ರೆ ನಾಳೆ ನಂಗೆ ಬಸ್ ನಿಲ್ಸಾಕೆ ಯಾರದಾರೆ?"

ಹೆಡ್ ಮೇಡಂ ಕಾಗದ ಓದಿ ಮಾಫಿ ಮಾಡಿದರು. ಅಷ್ಟಕ್ಕೇ ಬಿಡದೆ ಅದನ್ನು ನನ್ನ ಕೈಗೆ ಕೊಟ್ಟು, "ನೋಡ್ರಿ, ಕಾರಣ ಬರೆಯೋದು ಅಂದ್ರೆ ಹಿಂಗೆ" ಎಂದರು. ನಾನು "ಹೌದ್ರಿ" ಎಂದು ಕಾಗದ ವಾಪಸ್ ಕೊಟ್ಟೆ.

ಮರುದಿನವೂ ಅವಳು ತಡ. ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಬರ್ತಾರೆ, ತಡೀರಿ" ಎಂದು ಕಂಡಕ್ಟರನಿಂದ ಬೈಸಿಕೊಂಡೆ. ಅವಳು ಏದುಸಿರು ಬಿಡುತ್ತಾ ಬಂದು ನನ್ನ ಪಕ್ಕದಲ್ಲೇ ಕೂತಳು. ಹೊಟ್ಟೆಕಿಚ್ಚು ಆರಿತು ಎಂದರೆ ಸುಳ್ಳಾದೀತು. ಮೊದಲು ಅವಳ ಇಂಗ್ಲಿಷಿಗೆ ಉರಿಯುತ್ತಿತ್ತು. ಈಗ, ನನ್ನ ತಪ್ಪನ್ನು ತನ್ನದೆಂದು ಬರೆಯುವಾಗ ಅವಳ ಒಂದು ಅಕ್ಷರವೂ ಆಚೀಚೆ ಆಗಲಿಲ್ಲವಲ್ಲ, ಅದಕ್ಕೆ ಉರಿಯುತ್ತದೆ.