‘ಆನ್’ ಬಿಟ್ಟು ‘ಟು’ ಬರೆದವನು

ಸುಜಾತಾ, ನಿನ್ನ ಅರ್ಜಿಯ ಅರ್ಥ ಕೆಡಿಸಿದವನು ನಾನು. ಗೊತ್ತಿಲ್ಲದೆ ಅಲ್ಲ — ಗೊತ್ತಿದ್ದೇ ಕೆಡಿಸಿದೆ. ವಿಚಾರಣೆಯ ಕೋಣೆಯಲ್ಲಿ ನಿನ್ನ ಕೈಬರಹದ ಹಾಳೆ ಎಲ್ಲಿ ಎಂದು ನೀನು ಕೇಳಿದಾಗ, ಹರಿದು ಒಗೆದೆ ಎಂದೆನಲ್ಲ, ಅದೂ ಸುಳ್ಳು. ಆ ಹಾಳೆ ಆಗ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಏಳು ವರ್ಷವಾಯಿತು. ಈಗ ನನ್ನ ಮೇಜಿನ ಮೇಲಿದೆ.

ನಾನು ಆಗ ಯಾರಾಗಿದ್ದೆ, ನಿನಗೆ ನೆನಪಿದೆ. ರಾಯಚೂರಿನ ಆ ಖಾಸಗಿ ಆಸ್ಪತ್ರೆಯ ಗುಮಾಸ್ತ. ಬಾಯಿಮಾತಿನಲ್ಲಿ ‘ಇಂಗ್ಲಿಷ್ ಡಾಕ್ಟರ್’. ಹೆಡ್ ಆಫೀಸು ಹೈದರಾಬಾದಿನಲ್ಲಿದ್ದುದರಿಂದ ಅಲ್ಲಿಗೆ ಹೋಗುವ ರಜೆ ಚೀಟಿಯೂ ಇಂಗ್ಲಿಷಿನಲ್ಲೇ ಇರಬೇಕಿತ್ತು. ತಲೆ ತಿರುಗುತ್ತಿದೆ ಎನ್ನುವುದಕ್ಕೆ ‘ಮೈ ಹೆಡ್ ಈಸ್ ರೋಮಿಂಗ್’ ಎಂದು ಬರೆದು ತರುತ್ತಿದ್ದರು. ಎಲ್ಲರ ಚೀಟಿಯೂ ‘ಕೈಂಡ್ಲಿ ಡು ದಿ ನೀಡ್‌ಫುಲ್’ ಎಂದೇ ಮುಗಿಯುತ್ತಿತ್ತು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಕೆಂಪು ಪೆನ್ನು ಹಿಡಿದು ಒರಟು ಮಾತನ್ನೆಲ್ಲ ಹೊಡೆದುಹಾಕಿ, ಮೇಲೆ ಸರಳ ಇಂಗ್ಲಿಷ್ ಬರೆದುಕೊಡುತ್ತಿದ್ದೆ. ನನ್ನಷ್ಟು ನೆಟ್ಟಗೆ ಇಂಗ್ಲಿಷ್ ಬರೆಯುವವನು ಈ ಜಿಲ್ಲೆಯಲ್ಲೇ ಇಲ್ಲ ಎಂಬ ಕೊಬ್ಬು ಬೇರೆ.

ಆದರೆ ಒಂದು ಒಳ್ಳೆಯ ರೂಢಿ ಇಟ್ಟುಕೊಂಡಿದ್ದೆ — ಯಾರೇ ಬಂದರೂ, ‘ಮೊದಲ ಕನ್ನಡದಾಗ ಹೇಳು’ ಎನ್ನುತ್ತಿದ್ದೆ. ಏನು ಹೇಳಬೇಕೆಂದಿದ್ದಾರೆ ಎಂಬುದು ತಿಳಿಯದೆ ತಿದ್ದಬಾರದು ಎಂದು. ಆ ರೂಢಿಯೇ ಇವತ್ತು ನನ್ನ ಕುತ್ತಿಗೆ ಹಿಡಿದಿದೆ. ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗೇ ಇಲ್ಲ.

ಅವತ್ತು ಬೆಳಿಗ್ಗೆ ನೀನು ಬಂದು ನಿಂತಾಗ ಎಡಗೆನ್ನೆ ಊದಿತ್ತು. ಮ್ಯಾನೇಜರರ ಸಂಬಂಧಿಕಳೊಬ್ಬಳು ವಾರವಿಡೀ ಡ್ಯೂಟಿಗೆ ಬಂದಿರಲಿಲ್ಲ. ಬಂದಿದ್ದಳು ಎಂದು ಹಾಜರಿ ಪುಸ್ತಕದಲ್ಲಿ ಸಹಿ ಮಾಡು ಎಂದು ಅವರು ನಿನಗೆ ಹೇಳಿದ್ದರು. ಆ ವಾರ್ಡಿನ ಹಿರಿಯ ನರ್ಸು ನೀನು. ಆಗಲ್ಲ ಎಂದೆ. ಔಷಧದ ಕೋಣೆಯಲ್ಲಿ ಅವರು ನಿನಗೆ ಹೊಡೆದರು.

‘ಸರ್ ನನ್ನ ಮ್ಯಾಲೆ ಕೈ ಮಾಡಿದ್ರಣ್ಣಾ. ನಮ್ಮಪ್ಪ ಸುದ್ದಾ ನನ್ನ ಮ್ಯಾಲೆ ಎಂದೂ ಕೈ ಮಾಡಿಲ್ಲ’ ಎಂದೆ.

ನೀನು ತಂದ ಹಾಳೆಯಲ್ಲಿ ಅದನ್ನೇ ಇಂಗ್ಲಿಷ್ ಮಾಡಿದ್ದೆ: ‘ಮ್ಯಾನೇಜರ್ ಸರ್ ಮೇಡ್ ಹ್ಯಾಂಡ್ ಆನ್ ಮಿ.’ ನಾನು ಕೆಂಪು ಪೆನ್ನಿನಲ್ಲಿ ಆ ಸಾಲು ಹೊಡೆದು ಮೇಲೆ ‘ಸ್ಲ್ಯಾಪ್ಡ್ ಮಿ’ ಎಂದು ಬರೆದೆ. ಹೌದು, ಬರೆದೆ. ನನ್ನ ಅಕ್ಷರ ಇನ್ನೂ ಆ ಹಾಳೆಯ ಮೇಲಿದೆ. ಮಧ್ಯಾಹ್ನದೊಳಗೆ ಟೈಪ್ ಮಾಡಿಕೊಡುತ್ತೇನೆ ಎಂದು ನಿನ್ನನ್ನು ಕಳಿಸಿದೆ.

ಅಷ್ಟರಲ್ಲಿ ಮ್ಯಾನೇಜರರು ಕರೆದರು. ಅವರು ಮಾನ್ವಿಯ ಅಕ್ಕಿ ಗಿರಣಿಯ ಮನೆತನದವರು. ನಾನು ಅದೇ ಕಡೆಯ ಬಾಗಲವಾಡದವನು — ಅವರ ಮಾತಿನ ಮೇಲೆಯೇ ಆ ಕುರ್ಚಿಯಲ್ಲಿ ಕೂತವನು. ಅವರು ಸಿಟ್ಟಾಗಲಿಲ್ಲ. ಚಹಾ ಕುಡಿಸಿದರು.

‘ಏನೋ ಅರ್ಜಿ ತಿದ್ದಾಕತ್ತಿಯಂತ? ತಿದ್ದು, ತಿದ್ದು. ನಿನ್ನ ಪರ್ಮನೆಂಟ್ ಆರ್ಡರೂ ನಾಳಿಗಿ ಸಹಿಗಿ ಹೊಂಟದ. ಭಾಷಾ ಒಂದೀಟು ಸೌಮ್ಯ ಇರ್ಲಿ, ಅಷ್ಟ.’

ಅಷ್ಟೇ ಅಂದದ್ದು. ಬದಲಿಸು ಎನ್ನಲಿಲ್ಲ, ಹೆದರಿಸಲಿಲ್ಲ. ಬದಲಿಸುವ ಉಪಾಯ ಪೂರ್ತಿ ನನ್ನದೇ — ಇದನ್ನು ಅವರ ತಲೆಗೆ ಕಟ್ಟಲು ಬರುವುದಿಲ್ಲ.

ನನ್ನ ಮೇಜಿಗೆ ಬಂದು ಕೂತೆ. ‘ಮೇಡ್ ಹ್ಯಾಂಡ್ ಆನ್ ಮಿ’ — ನನ್ನ ಮೇಲೆ ಕೈ ಮಾಡಿದರು. ‘ಆನ್’ ತೆಗೆದು ‘ಟು’ ಹಾಕಿದರೆ — ನನಗೆ ಕೈ ಮಾಡಿದರು. ಬಸ್ಸಿಗೆ ಕೈ ಮಾಡುತ್ತೇವಲ್ಲ, ಹಾಗೆ. ನಮ್ಮ ಭಾಷೆಯಲ್ಲಿ ಹೊಡೆಯುವುದಕ್ಕೂ ಕೈ ಬೀಸುವುದಕ್ಕೂ ನಡುವೆ ಇರುವುದು ಅಷ್ಟೇ. ಟೈಪ್ ಮಾಡಿದೆ: ‘ಮ್ಯಾನೇಜರ್ ಸರ್ ವೇವ್ಡ್ ಟು ಮಿ.’ ವ್ಯಾಕರಣದಲ್ಲಿ ಒಂದು ತಪ್ಪಿಲ್ಲ, ಎಲ್ಲೂ ತೊಡರದ ವಾಕ್ಯ.

ಸಹಿ ಮಾಡುವ ಮುಂಚೆ ನೀನು ಓದಿದೆ. ಆ ಪದದ ಮೇಲೆ ಬೆರಳಿಟ್ಟು ‘ವೇವ್ಡ್ ಅಂದ್ರೇನಣ್ಣಾ?’ ಎಂದು ಕೇಳಿದೆ.

ಆಗ ಒಂದು ಕ್ಷಣ — ಈಗಲೂ ಆ ಕ್ಷಣಕ್ಕೇ ಹೋಗಿ ನಿಲ್ಲುತ್ತೇನೆ. ತಪ್ಪಾಗಿದೆ ಕೊಡು ಎಂದು ಕಸಿದುಕೊಳ್ಳಬಹುದಿತ್ತು. ‘ಕೈ ಮಾಡೂದಕ್ಕ ಹಂಗಂತಾರ’ ಎಂದೆ. ಸುಳ್ಳೂ ಅಲ್ಲ ನೋಡು. ನೀನು ತಲೆಯಾಡಿಸಿ ಸಹಿ ಮಾಡಿದೆ, ಥ್ಯಾಂಕ್ಸ್ ಬೇರೆ ಹೇಳಿದೆ.

ವಿಚಾರಣೆಗೆಂದು ಹೈದರಾಬಾದಿನಿಂದ ಬಂದ ಮೇಡಂ ಅದನ್ನು ಓದಿ ಕನ್ನಡಕ ತೆಗೆದರು. ಕೈ ಬೀಸಿದರೆ ತಪ್ಪೇನಮ್ಮ ಎಂದು ಅರ್ಧ ತೆಲುಗಿನಲ್ಲಿ ಕೇಳಿದರು. ಮ್ಯಾನೇಜರರು ಮೆಲ್ಲಗೆ ಕೈ ಎತ್ತಿ ಟಾಟಾ ಮಾಡಿ ತೋರಿಸಿದರು. ಕೋಣೆಯಲ್ಲಿದ್ದವರು ನಕ್ಕರು. ನೀನು ಎಲ್ಲರ ಮುಖ ನೋಡಿದೆ, ಆಮೇಲೆ ಕೆನ್ನೆಗೆ ಕೈ ಹಚ್ಚಿ ‘ಹೊಡದಾರ್ರೀ’ ಎಂದೆ. ಹಾಗಿದ್ದರೆ ಅದನ್ನೇಕೆ ಬರೆಯಲಿಲ್ಲ ಎಂದು ಮೇಡಂ ಕೇಳಿದರು. ನೀನು ನನ್ನ ಕಡೆ ತಿರುಗಿದೆ. ಎಲ್ಲರೂ ತಿರುಗಿದರು.

‘ಇಂಗ್ಲಿಷ್ ಅಷ್ಟ ತಿದ್ದೀನ್ರೀ ಮೇಡಂ. ಅರ್ಥ ಆಕಿದೇ’ ಎಂದೆ.

ಆಗಲೇ ನೀನು ಹಾಳೆ ಕೇಳಿದ್ದು. ಜೇಬಿನಲ್ಲಿ ಅದು ಎದೆಗೆ ಒತ್ತುತ್ತಿತ್ತು. ತೆಗೆದುಕೊಟ್ಟರೆ ನಿನ್ನ ಸಾಲಿನ ಮೇಲೆ ನನ್ನದೇ ಕೆಂಪು ಅಕ್ಷರ — ನನಗೆ ಗೊತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿಯೇ ಬೇಡ. ಅದಕ್ಕೇ ಹರಿದು ಒಗೆದೆ ಎಂದೆ.

ಸಣ್ಣ ವಿಷಯಕ್ಕೆ ಅತಿಯಾಗಿ ದೂರುವ ಸ್ವಭಾವ ಎಂದು ನಿನ್ನ ಫೈಲಿನಲ್ಲಿ ಟಿಪ್ಪಣಿ ಸೇರಿತು. ಅದನ್ನೂ ಟೈಪ್ ಮಾಡಿದವನು ನಾನೇ, ಒಳ್ಳೆಯ ಇಂಗ್ಲಿಷಿನಲ್ಲಿ. ಕೆಲಸ ಬಿಟ್ಟು ಹೋಗುವ ದಿನ ನೀನು ನನ್ನ ಮೇಜಿನ ಮುಂದೆ ನಿಂತೆ. ಬೈಯುತ್ತೀ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

‘ಅಣ್ಣಾ, ನಿಮ್ಮೂರಾಗ ಕೈ ಮಾಡೂದಂದ್ರ ಏನ್ರೀ?’ ಎಂದಷ್ಟೇ ಕೇಳಿದೆ.

ನಾನು ಕಂಪ್ಯೂಟರ್ ನೋಡುತ್ತ ಕೂತೆ. ನನ್ನೂರಲ್ಲಿ ಏನೆಂದರೆ — ನಾನು ಚಿಕ್ಕವನಿದ್ದಾಗ ಅವ್ವ ಹೊಸ್ತಿಲಲ್ಲಿ ನಿಂತು ಅಪ್ಪನಿಗೆ, ‘ಇನ್ನೊಮ್ಮಿ ನನ್ನ ಮ್ಯಾಲೆ ಕೈ ಮಾಡಿದ್ರ ತವರಮನಿಗಿ ಹೋಗ್ತೀನಿ’ ಎಂದಿದ್ದಳು. ಆಗ ನಾನು ಅವಳ ಸೆರಗು ಹಿಡಿದು ನಿಂತಿದ್ದೆ. ಆ ಮಾತಿನ ಅರ್ಥ ನನಗೆ ಯಾವ ಪುಸ್ತಕದಿಂದಲೂ ತಿಳಿಯಬೇಕಾಗಿರಲಿಲ್ಲ.

ಈಗ ಏಕೆ ಹೇಳುತ್ತಿದ್ದೇನೆ? ಒಳ್ಳೆಯವನಾದೆ ಎಂದಲ್ಲ. ಈ ಸೋಮವಾರ ದೇವದುರ್ಗದ ಒಂದು ಆಸ್ಪತ್ರೆಯಿಂದ ಪತ್ರ ಬಂತು. ನೀನು ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದೀಯ, ಆರಿಸಿಯೂ ಆಗಿದೆ, ಹಳೆಯ ಕಡೆ ನಿನ್ನ ನಡತೆ ಹೇಗಿತ್ತು ಎಂದು ಕೇಳಿದ್ದಾರೆ. ಈ ಉತ್ತರದ ಮೇಲೆ ನಿನ್ನ ಕೆಲಸ ನಿಂತಿದೆ. ಮಸರಕಲ್ಲಿನ ನಿಮ್ಮ ಮನೆಗೆ ಹತ್ತಿರದ ಊರು. ಇಷ್ಟು ವರ್ಷ ನೀನು ಎಲ್ಲೆಲ್ಲಿ ಕೆಲಸ ಕೇಳಿದೆಯೋ, ಆ ಟಿಪ್ಪಣಿ ಎಲ್ಲೆಲ್ಲಿ ನಿನಗಿಂತ ಮುಂಚೆ ಹೋಗಿ ಕೂತಿತ್ತೋ — ನಾನು ವಿಚಾರಿಸಲೇ ಇಲ್ಲ.

ಮ್ಯಾನೇಜರರು ಇನ್ನೂ ಅವರೇ, ಗುಮಾಸ್ತನೂ ಇನ್ನೂ ನಾನೇ. ಪತ್ರ ನನ್ನ ಮುಂದೆ ಇಟ್ಟು, ‘ಹಳೀ ನೋಟ್ ನೋಡಿ ಉತ್ತರ ಬರಿ. ಚಂದಂಗ ಬರಿ, ನಿನಗ ಹೇಳಬೇಕೇನು’ ಎಂದರು.

ಬರೆದಿದ್ದೇನೆ. ದೇವದುರ್ಗಕ್ಕೆ ಒಂದು, ಹೈದರಾಬಾದಿಗೆ ಒಂದು — ಎರಡಕ್ಕೂ ನಿನ್ನ ಹಾಳೆಯ ನಕಲು ಲಗತ್ತಿಸಿದ್ದೇನೆ, ನನ್ನ ಕೆಂಪು ಅಕ್ಷರದ ಸಮೇತ. ಈ ಕಾಗದದ ಜೊತೆ ಮೂಲ ಹಾಳೆ ನಿನಗೇ ಬರುತ್ತಿದೆ, ಅದು ನಿನ್ನದು. ಮರುವಿಚಾರಣೆಗೆ ಕರೆದರೆ ಬಂದು ಬಾಯಿಬಿಟ್ಟು ಹೇಳುತ್ತೇನೆ. ಕರೆಯದಿದ್ದರೆ ನಾನೇ ಹೋಗಿ ಹೇಳುತ್ತೇನೆ. ಕುರ್ಚಿ ಹೋಗುತ್ತದೆ, ಹೋಗಲಿ. ಅದು ನಿನ್ನ ಕೆನ್ನೆಯ ಮೇಲೆ ಪರ್ಮನೆಂಟ್ ಆದ ಕುರ್ಚಿ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದೂ ಒಂದು ಸೌಮ್ಯ ಭಾಷೆಯಾದೀತು.

ಎರಡೂ ಪತ್ರಗಳಲ್ಲಿ ಮ್ಯಾನೇಜರರು ನಿನಗೆ ಹೊಡೆದದ್ದನ್ನು ಹೊಡೆದರು ಎಂದೇ ಬರೆದಿದ್ದೇನೆ. ನನ್ನ ಬಗ್ಗೆ ಮಾತ್ರ ಸರಿಯಾದ ವಾಕ್ಯ ಸಿಗಲಿಲ್ಲ. ಎಷ್ಟೋ ಸಲ ಬರೆದು ಹೊಡೆದುಹಾಕಿದೆ. ಕೊನೆಗೆ ನಿನ್ನ ಇಂಗ್ಲಿಷಿನಲ್ಲೇ ಬರೆದೆ: ‘ಐ ಆಲ್ಸೋ ಮೇಡ್ ಹ್ಯಾಂಡ್ ಆನ್ ಹರ್.’ ಕೆಂಪು ಪೆನ್ನು ಪಕ್ಕದಲ್ಲೇ ಇತ್ತು. ತಿದ್ದಲಿಲ್ಲ.